ಎರಡು ಪಾಳಿಯ ಹಾಸಿಗೆ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತೇ ಅರ್ಧ ಆಯಸ್ಸು ಕಳೆದವಳಿಗೆ ಬೈಸಿಕೊಳ್ಳುವುದು ಹೊಸದಾಗಿರಲಿಲ್ಲ. ಬಸ್ಸು ತಡವಾದರೆ ಡ್ರೈವರ್ ಕೈಗೆ ಸಿಗುವುದಿಲ್ಲ, ಡಿಪೋದವರು ಫೋನ್ ಎತ್ತುವುದಿಲ್ಲ, ಸಿಗುವವಳು ಇವಳೊಬ್ಬಳೇ. "ಬರತ್ತೆ, ಕೂತ್ಕೊಳ್ಳಿ" ಅನ್ನುವುದನ್ನು ಅವಳು ನಿದ್ದೆಯಲ್ಲೂ ಹೇಳುತ್ತಾಳೆ ಎಂದು ಗಂಡ ತಮಾಷೆ ಮಾಡುತ್ತಿದ್ದ. ಆಮೇಲೆ ಒಂದು ದಿನ ಆ ಕಿಟಕಿ ಮುಚ್ಚಿ ಅಲ್ಲೊಂದು ದೊಡ್ಡ ಪರದೆ ಹಾಕಿದರು. ಬಸ್ಸುಗಳ ಸಮಯವೆಲ್ಲ ಅದರ ಮೇಲೆ ತಾನಾಗಿಯೇ ಮೂಡತೊಡಗಿತು. ಪರದೆಗೆ ಬೈದರೆ ಸಮಾಧಾನವಾಗದೆ ಜನ ಕೆಲವು ದಿನ ಇವಳನ್ನೇ ಹುಡುಕಿಕೊಂಡು ಬಂದರು. ಆದರೂ ಕೆಲಸ ಹೋಯಿತು.

ಉಪನಗರ ರೈಲಿನ ಕೆಲಸ ಹಿಡಿದ ಕಂಪನಿಯವರು ಅವಳನ್ನು ಕರೆಸಿದ್ದು ಆ ಹಳೆಯ ಅಭ್ಯಾಸಕ್ಕೇ. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

"ಜನ ಬಾಯಿಗೆ ಬಂದ ಹಾಗೆ ಮಾತಾಡಿದರೆ ನಿಮಗೆ ಸಿಟ್ಟು ಬರಲ್ವಾ?"

"ಬರತ್ತೆ ಸಾರ್. ಮನೆಗೆ ಹೋದ ಮೇಲೆ ಬರತ್ತೆ."

ಅವರು ನಕ್ಕು ಕೆಲಸ ಕೊಟ್ಟರು. ಹೆದ್ದಾರಿಯ ನಡುವೆ ಸಾಲಾಗಿ ಕಂಬಗಳು ಏಳುತ್ತವೆ, ಕಂಬಗಳ ಮೇಲೆ ಸೇತುವೆ, ಸೇತುವೆಯ ಮೇಲೆ ರೈಲು. ಅದಕ್ಕೆ ಮೊದಲು ಅಕ್ಕಪಕ್ಕದ ಬೀದಿಗಳಿಗೆಲ್ಲ ವಿಷಯ ತಿಳಿಸಿ ಜನರನ್ನು ಅಣಿಗೊಳಿಸಬೇಕು. ಯಾವ ರಸ್ತೆ ಮುಚ್ಚುತ್ತದೆ, ನೀರಿನ ಪೈಪು ಯಾವಾಗ ಬದಲಾಗುತ್ತದೆ, ಈಗಾಗಲೇ ಯಾರ ಗೋಡೆಯಲ್ಲಿ ಎಲ್ಲೆಲ್ಲಿ ಬಿರುಕಿದೆ, ಎಲ್ಲವನ್ನೂ ಮನೆಮನೆಗೆ ಹೋಗಿ ಹೇಳಬೇಕು, ಕೇಳಬೇಕು, ಫೋಟೋ ತೆಗೆಯಬೇಕು. ಕೊರಳಿಗೆ ನೇತುಹಾಕಿದ ಕಾರ್ಡಿನಲ್ಲಿ "ಸಮುದಾಯ ಸಂಪರ್ಕ ಸಹಾಯಕಿ" ಎಂದು ಬರೆದಿತ್ತು. ಅದನ್ನು ಪೂರ್ತಿ ಓದುವ ಪುರಸೊತ್ತು ಯಾರಿಗಿತ್ತು? ಮೊದಲ ವಾರದಲ್ಲೇ ಅವಳು ಎಲ್ಲರ ಬಾಯಲ್ಲಿ ರೈಲಕ್ಕ ಆದಳು.

ರೈಲಕ್ಕ ಬೆಳಿಗ್ಗೆ ಮನೆ ಬಿಟ್ಟರೆ ಮೆಟ್ಟಿಲು ಹತ್ತುವುದು, ಇಳಿಯುವುದು, ಕರೆಗಂಟೆ ಒತ್ತಿ ಕಾಯುವುದು. ಒಬ್ಬರ ಮನೆಯಲ್ಲಿ ಗೋಡೆಯ ಬಿರುಕು ಕಾಣಬೇಕಾದರೆ ಬೀರು ಸರಿಸಬೇಕು, ಬೀರು ಸರಿಸಿದರೆ ಎಷ್ಟೋ ವರ್ಷದ ಕಸ ಹೊರಬರುತ್ತದೆ, ಆ ಕಸಕ್ಕೂ ರೈಲೇ ಕಾರಣ ಎಂಬಂತೆ ಮನೆಯೊಡತಿ ಮುಖ ಗಂಟು ಹಾಕುತ್ತಾಳೆ. ಸಂಜೆ ಹೊತ್ತಿಗೆ ಅಂಗಾಲು ಉರಿಯುತ್ತಿತ್ತು, ಗಂಟಲು ಒಣಗಿರುತ್ತಿತ್ತು. ಮನೆಗೆ ಬಂದರೆ ಅಲ್ಲೂ ಬಿಡುಗಡೆಯಿರಲಿಲ್ಲ. ಗಂಡ ಶಾಲಾ ಬಸ್ಸಿನ ಡ್ರೈವರ್, ಮುಚ್ಚಲಿರುವ ರಸ್ತೆ ಅವನ ಬಸ್ಸಿನ ದಾರಿಯೂ ಆಗಿತ್ತು.

"ನಿನ್ನ ರೈಲಿನ ದೆಸೆಯಿಂದ ನಾನು ಮೂರು ಬಡಾವಣೆ ಸುತ್ತಿ ಹೋಗಬೇಕಂತೆ ಕಣೇ," ಎಂದ ಅವನು.

"ರೀ, ದೂರು ಏನಿದ್ದರೂ ಕಚೇರಿ ವೇಳೆಯಲ್ಲಿ ಹೇಳಿ," ಎಂದು ಅವಳು ಕಾಲು ಚಾಚಿ ಕಣ್ಣು ಮುಚ್ಚಿದಳು.

ಅವಳ ಪಾಲಿಗೆ ಬಂದ ಬೀದಿಗಳಲ್ಲಿ ಒಂದರ ಎದುರಿಗೇ ರೈಲು ನಿಲ್ದಾಣವೂ ಬರುವುದಿತ್ತು. ಹಾಗಾಗಿ ಅಲ್ಲಿ ಕಂಬಗಳು ಒತ್ತೊತ್ತಾಗಿ ಏಳಬೇಕಿತ್ತು, ನೆಲ ಕೊರೆಯುವ ಯಂತ್ರ ತಿಂಗಳುಗಟ್ಟಲೆ ಅಲ್ಲೇ ಠಿಕಾಣಿ ಹೂಡಲಿತ್ತು. ಶಾಲೆಯ ಸಭಾಂಗಣದಲ್ಲಿ ಬೀದಿಯವರ ಸಭೆ ಕರೆದಾಗ ಎಲ್ಲರದೂ ಒಂದೇ ಪಟ್ಟು: ರಾತ್ರಿ ಕೆಲಸ ಬೇಡ. ಕಂಪನಿಗೋ, ವಾಹನ ಕಡಿಮೆ ಇರುವ ರಾತ್ರಿಯಲ್ಲೇ ಕೊರೆಯುವ ಆಸೆ. ರೈಲಕ್ಕ ಎರಡೂ ಕಡೆ ಓಡಾಡಿ, ಸೈಟ್ ಇಂಜಿನಿಯರ್‌ನ ಬೆನ್ನು ಬಿದ್ದು, ಕೊನೆಗೂ ಒಪ್ಪಿಸಿದಳು. ಕೊರೆಯುವುದೇನಿದ್ದರೂ ಹಗಲು, ಕತ್ತಲಾದ ಮೇಲೆ ಬೀದಿ ಬೀದಿಯವರದು. ಮುಂದಿನ ಸಭೆಯಲ್ಲಿ ಆ ಮಾತು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಕೆಲಸದಲ್ಲಿ ಅವಳಿಗೆ ಚಪ್ಪಾಳೆ ಸಿಕ್ಕಿದ್ದು ಅದೇ ಮೊದಲು. ಅವತ್ತು ಮೆಟ್ಟಿಲು ಇಳಿಯುವಾಗ ಮಂಡಿ ಅಷ್ಟಾಗಿ ನೋಯಲಿಲ್ಲ.

ಎಲ್ಲರೂ ಹೋದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ನಲವತ್ತರ ಆಸುಪಾಸು, ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಊಟದ ಡಬ್ಬಿಯ ಚೀಲ. ಆಸ್ಪತ್ರೆಯಲ್ಲಿ ನರ್ಸು, ಯಾವಾಗಲೂ ರಾತ್ರಿ ಪಾಳಿಯಂತೆ. ವಯಸ್ಸಾದ ಅಪ್ಪನ ಜೊತೆ, ಹೆದ್ದಾರಿಯಿಂದ ಎರಡನೇ ಸಾಲಿನ ಕಟ್ಟಡದ ಮೇಲ್ಮಹಡಿಯಲ್ಲಿ ವಾಸ.

"ಅಕ್ಕ, ನೀವು ಒಳ್ಳೇದೇ ಮಾಡಿದ್ರಿ," ಎಂದಳು. "ಆದರೆ ನಾನು ಮಲಗೋದು ಹಗಲು."

ರೈಲಕ್ಕನ ಬಾಯಿಂದ ಹಳೆಯ ಮಾತೇ ಬಂತು. "ಸ್ವಲ್ಪ ದಿನ ಅಲ್ವಾ ಸಿಸ್ಟರ್, ಹೇಗಾದರೂ ಅನುಸರಿಸಿಕೊಳ್ಳಿ."

ನರ್ಸಮ್ಮ ತಲೆಯಾಡಿಸಿ, ಹೊತ್ತಾಯಿತೆಂದು ಆಸ್ಪತ್ರೆಗೆ ಹೊರಟುಹೋದಳು. ಜಗಳವಾಡಿದ್ದರೆ ರೈಲಕ್ಕ ಮರೆತೇಬಿಡುತ್ತಿದ್ದಳು. ಹಾಗೆ ಸುಮ್ಮನೆ ಹೋದದ್ದು ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು.

ರಸ್ತೆಗೆ ತಗಡಿನ ಬೇಲಿ ಬಿತ್ತು, ಯಂತ್ರ ಬಂತು. ಅದರ ಸದ್ದಿಗೆ ಮೊದಲ ದಿನವೇ ಬೀದಿಯ ನಾಯಿಗಳೆಲ್ಲ ಬೇರೆ ಬಡಾವಣೆಗೆ ವಲಸೆ ಹೋದವು. ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ತಾಗುತ್ತಿತ್ತು. ಲೋಟದೊಳಗಿನ ನೀರು ಸುಮ್ಮನೆ ನಡುಗುತ್ತಿತ್ತು. ಮೊದಲ ಸಾಲಿನಲ್ಲಿ ತೀರ ಹತ್ತಿರದವರಿಗೆ ಕಂಪನಿ ಬೇರೆ ಕಡೆ ತಾತ್ಕಾಲಿಕ ಮನೆ ಕೊಡುತ್ತಿತ್ತು. ನರ್ಸಮ್ಮನದು ಎರಡನೇ ಸಾಲು. ಮುಂದಿನ ಎರಡು ಕಟ್ಟಡಗಳ ನಡುವಿನ ಸಂದಿ ನೇರ ಅವಳ ಕಿಟಕಿಗೇ ತೆರೆದುಕೊಂಡಿತ್ತು, ಸದ್ದೆಲ್ಲ ಕೊಳವೆಯಲ್ಲಿ ಬಂದ ಹಾಗೆ ಬಂದು ಅಲ್ಲೇ ಬೀಳುತ್ತಿತ್ತು. ಆದರೂ ಎರಡನೇ ಸಾಲು ಎರಡನೇ ಸಾಲೇ.

ವಾರ ಕಳೆದ ಮೇಲೆ ರೈಲಕ್ಕ ಆ ಮೇಲ್ಮಹಡಿಗೆ ಹತ್ತಿದಳು. ಬಾಗಿಲು ತೆರೆದದ್ದು ನರ್ಸಮ್ಮನ ಅಪ್ಪ. ಮುದುಕರ ಕಿವಿ ಪೂರಾ ಮಂದ, ಮುಖದಲ್ಲಿ ಮಾತ್ರ ಖುಷಿಯೋ ಖುಷಿ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಯಂತ್ರ ನೋಡುವುದೇ ಅವರಿಗೆ ಕೆಲಸವಾಗಿಬಿಟ್ಟಿತ್ತು.

"ಬಾಮ್ಮ, ಬಾ! ಇವತ್ತು ಬಂಡೆ ಸಿಕ್ಕಿದೆ, ಹಲ್ಲು ಮುರಕೊಂಡಿದೆ ನಿನ್ನ ಯಂತ್ರ!" ಎಂದು ತಾವೇ ಕೊರೆದವರ ಹಾಗೆ ಕೂಗಿದರು.

"ಸಿಸ್ಟರ್ ಎಲ್ಲಿ ತಾತ?" ಎಂದು ರೈಲಕ್ಕ ಸನ್ನೆ ಮಾಡಿದಳು.

ಅವರ ಮುಖ ಸಣ್ಣದಾಯಿತು. ಬಚ್ಚಲುಮನೆಯ ಕಡೆ ಬೆರಳು ತೋರಿಸಿದರು.

ಮನೆಯಲ್ಲಿ ರಸ್ತೆಯ ಕಡೆಗೆ ಕಿಟಕಿಯಿಲ್ಲದ ಜಾಗ ಅದೊಂದೇ. ಬಕೆಟ್ಟು, ತಂಬಿಗೆಗಳನ್ನು ಹೊರಗಿಟ್ಟು, ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಾಸಿಗೆ ಹಾಸಿ ನರ್ಸಮ್ಮ ಮುದುಡಿ ಮಲಗಿದ್ದಳು. ತಲೆಗೆ ಟವೆಲ್ ಸುತ್ತಿಕೊಂಡಿದ್ದಳು, ಕಿವಿಯಲ್ಲಿ ಹತ್ತಿ. ಕಣ್ಣು ಮುಚ್ಚಿತ್ತು, ನಿದ್ದೆ ಇರಲಿಲ್ಲ. ಮುಖದ ಮೇಲೆ ನೆರಳು ಬಿದ್ದದ್ದು ತಿಳಿದು ಎದ್ದು ಗೋಡೆಗೊರಗಿ ಕೂತಳು.

"ದೂರು ಕೊಡೋಕೆ ನಾನೇ ಬರೋಣ ಅಂತಿದ್ದೆ ಅಕ್ಕ," ಎಂದಳು. ಸ್ವರದಲ್ಲಿ ಕೋಪವಿರಲಿಲ್ಲ, ಕೋಪಕ್ಕೆ ಬೇಕಾದ ತ್ರಾಣವೇ ಇರಲಿಲ್ಲ. "ನಿನ್ನೆ ವಾರ್ಡಿನಲ್ಲಿ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಕೊಡೋಕೆ ಹೋಗಿದ್ದೆ. ಸೂಜಿ ಹಿಡ್ಕೊಂಡು ನಿಂತಿದ್ದೀನಿ, ಆ ಅಜ್ಜಿನೇ 'ನನಗೆ ಇವತ್ತು ಸೂಜಿ ಇಲ್ಲ ಮಗಳೇ' ಅಂದರು. ಅವರಿಗೆ ಎಚ್ಚರ ಇಲ್ಲದಿದ್ರೆ?"

"ಹಗಲು ಪಾಳಿ ಕೇಳಿ ನೋಡಿದ್ರಾ?"

"ಕೇಳಿದೆ. ಸಣ್ಣ ಮಕ್ಕಳಿರೋರಿಗೆ ಮೊದಲು ಅಂದರು. ಅದೂ ಸರಿನೇ."

ರೈಲಕ್ಕ ಮೆಟ್ಟಿಲಿಳಿದು ಸೀದಾ ಸೈಟ್ ಇಂಜಿನಿಯರ್ ಹತ್ತಿರ ಹೋದಳು. ತಗಡಿನ ಬೇಲಿಯೊಳಗಿನ ಡಬ್ಬದಂಥ ಕೋಣೆಯಲ್ಲಿ ಅವನು ನಿಂತುಕೊಂಡೇ ಊಟ ಮಾಡುತ್ತಿದ್ದ. ಹುಬ್ಬಿನ ತುಂಬ ಸಿಮೆಂಟಿನ ಧೂಳು.

"ಒಬ್ಬರಿಗೋಸ್ಕರ ನಾನು ಏನು ಮಾಡ್ಲಿ ಹೇಳಿ ಅಕ್ಕ? ಹಗಲು ಬೇಕು ಅಂತ ನೀವೇ ಹಟ ಹಿಡಿದ್ರಿ. ಈಗ ಹಗಲೂ ಬೇಡ, ರಾತ್ರಿನೂ ಬೇಡ ಅಂದರೆ ಸಂಜೆ ಗೋಧೂಳಿಯಲ್ಲಿ ಕೊರೀಲಾ?"

"ಬೇರೆ ಮನೆ ಕೊಡ್ಸೋಕೆ ಆಗಲ್ವಾ?"

"ಎರಡನೇ ಸಾಲಿಗೆ ಕೊಟ್ಟರೆ ಮೂರನೇ ಸಾಲು ನಾಳೆ ಬಂದು ನಿಲ್ಲತ್ತೆ. ನನ್ನ ಕೈಲಿಲ್ಲ."

ಸುಳ್ಳು ಹೇಳುತ್ತಿರಲಿಲ್ಲ ಅವನು. ಅವನ ಕಣ್ಣೂ ಕೆಂಪಗಿತ್ತು. ರೈಲಕ್ಕ ಹೊರಗೆ ಬಂದು ಬೇಲಿಗೆ ಒರಗಿ ನಿಂತಳು. ಹಗಲು ಕೊರೆಯಿರಿ ಎಂದು ಗೆದ್ದುಬಂದವಳು ತಾನೇ. ಅವತ್ತಿನ ಚಪ್ಪಾಳೆ ಈಗ ನೆನಪಾದರೆ ಕಸಿವಿಸಿಯಾಗುತ್ತಿತ್ತು.

ಅವಳ ಮನೆ ಅಲ್ಲಿಂದ ಹತ್ತಿರವೇ, ಆದರೆ ಹೆದ್ದಾರಿಗೆ ಬೆನ್ನು ಹಾಕಿದ ಒಳಗಲ್ಲಿಯಲ್ಲಿ. ಅಲ್ಲಿಗೆ ಸದ್ದು ದೂರದ ಗುಡುಗಿನಷ್ಟೇ ಬರುತ್ತಿತ್ತು. ಬೆಳಿಗ್ಗೆ ಅವಳೂ ಗಂಡನೂ ಹೊರಟರೆ ಸಂಜೆಯವರೆಗೆ ಮಲಗುವ ಕೋಣೆ ಖಾಲಿ. ಮರುದಿನ ಬೆಳಿಗ್ಗೆ ಪಾಳಿ ಮುಗಿಸಿ ಬರುತ್ತಿದ್ದ ನರ್ಸಮ್ಮನನ್ನು ಬೀದಿಯ ತುದಿಯಲ್ಲೇ ತಡೆದು ಅವಳ ಕೈಗೆ ಬೀಗದ ಕೈ ಇಟ್ಟಳು.

"ಇದೇನಕ್ಕ?"

"ನನ್ನ ಮನೇದು, ಒಳಗಲ್ಲೀಲಿ ಹಸಿರು ಗೇಟು. ಹೋಗಿ ಮಲಗಿ. ನಾನು ಬರೋ ಹೊತ್ತಿಗೆ ನೀವು ಹೊರಟಿರ್ತೀರಿ."

ನರ್ಸಮ್ಮ ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಬೇಲಿಯಾಚೆ ಯಂತ್ರ ಶುರುವಾಯಿತು. ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ನರ್ಸಮ್ಮ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಒಳಗಲ್ಲಿಯ ಕಡೆ ನಡೆದಳು.

ಈ ಗಡಿಬಿಡಿಯಲ್ಲಿ ರೈಲಕ್ಕ ಒಂದು ವಿಷಯ ಮರೆತಿದ್ದಳು. ಗಂಡ ಬಸ್ಸಿನ ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಮಧ್ಯಾಹ್ನ ಮನೆಗೆ ಬಂದು ಒಂದು ಗಳಿಗೆ ಅಡ್ಡಾಗುವುದು ಅವನ ಎಷ್ಟೋ ವರ್ಷದ ರೂಢಿ. ಅವತ್ತೂ ಬಂದ. ಅಂಗಿಯ ಗುಂಡಿ ಬಿಚ್ಚುತ್ತಾ ಕೋಣೆಗೆ ಕಾಲಿಟ್ಟ, ತನ್ನ ದಿಂಬಿನ ಮೇಲೆ ಯಾವಳೋ ಗೊರಕೆ ಹೊಡೆಯುವುದನ್ನು ಕಂಡು ಹಾಗೇ ಹಿಂದೆ ಹೆಜ್ಜೆಯಿಟ್ಟು, ಬಾಗಿಲು ಎಳೆದುಕೊಂಡು, ಬೀದಿಗೆ ಬಂದು ಹೆಂಡತಿಗೆ ಫೋನು ಮಾಡಿದ.

"ಲೇ, ನಮ್ಮ ಮನೇಲಿ ಯಾರೋ ಮಲಗಿದ್ದಾರೆ ಕಣೇ!"

"ಅಯ್ಯೋ, ಹೇಳೋದು ಮರೆತೆ. ನರ್ಸಮ್ಮ. ಎಬ್ಬಿಸಬೇಡಿ."

"ಎಬ್ಬಿಸೋದಾ? ಜೀವ ಬಾಯಿಗೆ ಬಂದಿತ್ತು ನಂಗೆ! ನಾನೆಲ್ಲಿ ಮಲಗ್ಲಿ?"

ಅವತ್ತಿನಿಂದ ಅವನು ಬಸ್ಸನ್ನು ನೆರಳಿಗೆ ನಿಲ್ಲಿಸಿ ಹಿಂದಿನ ಉದ್ದ ಸೀಟಿನಲ್ಲಿ ಮಲಗತೊಡಗಿದ. ಸಂಜೆ ಬಸ್ಸು ಹತ್ತಿದ ಮಕ್ಕಳು ಅವನ ದಿಂಬು ಕಂಡುಹಿಡಿದು, ಡ್ರೈವರ್ ಅಂಕಲ್‌ಗೆ ಮನೆಯಲ್ಲಿ ಜಾಗ ಇಲ್ಲವಂತೆ ಎಂದು ಶಾಲೆಯಿಡೀ ಸುದ್ದಿ ಹಬ್ಬಿಸಿದರು. ಮನೆಗೆ ಬಂದು ಅವನು ಅದನ್ನು ಹೇಳಿ ಹೇಳಿ ಗೊಣಗಿದ. ಆದರೆ ಒಂದು ಸಂಜೆ ದಪ್ಪ ಕಪ್ಪು ಪರದೆ ತಂದು ಕೋಣೆಯ ಕಿಟಕಿಗೆ ಮೊಳೆ ಹೊಡೆಯುತ್ತಾ ನಿಂತಿದ್ದ. ರೈಲಕ್ಕ ನೋಡಿದಳು.

"ಅವರಿಗೋಸ್ಕರ ಅಂತ ಅಲ್ಲ," ಎಂದ ತಿರುಗದೆ. "ಭಾನುವಾರ ನನಗೂ ಬೆಳಕು ಜಾಸ್ತಿ ಅನ್ಸತ್ತೆ."

ಹೀಗೆ ಒಂದೇ ಹಾಸಿಗೆಗೆ ಎರಡು ಪಾಳಿಯಾಯಿತು. ನರ್ಸಮ್ಮ ತನ್ನದೇ ಹೊದಿಕೆ, ದಿಂಬಿನ ಚೀಲ ತರುತ್ತಿದ್ದಳು, ಸಂಜೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದಳು. ಹೋಗುವ ಮುಂಚೆ ಅಪ್ಪನಿಗೆ ಅಡುಗೆ ಮಾಡಿಟ್ಟು ಆಸ್ಪತ್ರೆಗೆ ಓಡಬೇಕು, ಆದರೂ ಇವರ ಅಡುಗೆಮನೆಯ ಲೋಟ ತಟ್ಟೆ ತೊಳೆದಿಟ್ಟಿರುತ್ತಿದ್ದಳು. ಇಬ್ಬರೂ ಎದುರಾಗುವುದು ಬೆಳಿಗ್ಗೆ ಗೇಟಿನ ಬಳಿ ಮಾತ್ರ. "ನಿದ್ದೆ ಬಂತಾ ಸಿಸ್ಟರ್?" "ಬಂತಕ್ಕ. ನಿಮ್ಮ ಕಾಲು?" "ಇದೆ, ಎಲ್ಲಿಗೆ ಹೋಗತ್ತೆ?" ಅಷ್ಟೇ ಮಾತು. ಒಬ್ಬಳು ಅಕ್ಕ ಅನ್ನುತ್ತಾಳೆ, ಇನ್ನೊಬ್ಬಳು ಸಿಸ್ಟರ್ ಅನ್ನುತ್ತಾಳೆ, ನೀವೇನು ಒಡಹುಟ್ಟಿದವರಾ ಎಂದು ಪಕ್ಕದ ಮನೆಯವರು ನಿಜಕ್ಕೂ ಕೇಳಿದರು.

ಒಂದು ದಿನ ರೈಲಕ್ಕನಿಗೆ ಬೀದಿಯಲ್ಲೇ ಚಳಿ ಹತ್ತಿತು. ಮೈ ಕೆಂಡ. ಉಳಿದ ಮನೆಗಳನ್ನು ನಾಳೆಗೆ ಬಿಟ್ಟು, ಗೋಡೆ ಹಿಡಿದುಕೊಂಡು ಮನೆಗೆ ಬಂದಳು. ಕೋಣೆ ಕಪ್ಪು ಪರದೆಯ ಹಿಂದೆ ಕತ್ತಲಾಗಿತ್ತು, ನರ್ಸಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನೆಲದಲ್ಲಿ ಚಾಪೆ ಹಾಸುವಷ್ಟು ಶಕ್ತಿ ರೈಲಕ್ಕನಿಗೆ ಇರಲಿಲ್ಲ. ಹಾಸಿಗೆಯ ಇನ್ನೊಂದು ಅಂಚಿಗೆ, ಅವಳಿಗೆ ಬೆನ್ನು ಹಾಕಿ, ಶೂ ಕೂಡ ಬಿಚ್ಚದೆ ಹಾಗೇ ಉರುಳಿಕೊಂಡಳು. ದೂರದಲ್ಲಿ ಯಂತ್ರ ನೆಲ ಕೊರೆಯುತ್ತಲೇ ಇತ್ತು. ಅವಳಿಗೆ ಅಂಥ ನಿದ್ದೆ ಎಷ್ಟು ಕಾಲದಿಂದ ಬಂದಿರಲಿಲ್ಲವೋ.

ಎಚ್ಚರವಾದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಇತ್ತು. ಶೂ ಯಾರೋ ಬಿಚ್ಚಿ ಮಂಚದ ಕೆಳಗೆ ಜೋಡಿಸಿಟ್ಟಿದ್ದರು. ನರ್ಸಮ್ಮ ಪಕ್ಕದಲ್ಲಿ ಕೂತು ನಾಡಿ ಹಿಡಿದಿದ್ದಳು.

"ನಿಮ್ಮ ನಿದ್ದೆ ಕೆಡಿಸಿದೆನಾ?" ಎಂದಳು ರೈಲಕ್ಕ.

"ನಿದ್ದೆಯಲ್ಲೇ 'ಬರತ್ತೆ, ಕೂತ್ಕೊಳ್ಳಿ' ಅಂದ್ರಿ. ಅದಕ್ಕೇ ಎದ್ದು ಕೂತೆ." ನರ್ಸಮ್ಮ ನಕ್ಕಳು. ಆಮೇಲೆ, "ಜ್ವರಕ್ಕಿಂತ ಸುಸ್ತು ಜಾಸ್ತಿ ಇದೆ ನಿಮಗೆ. ಎರಡು ದಿನ ಎಲ್ಲೂ ಹೋಗಬೇಡಿ," ಎಂದಳು.

ರೈಲಕ್ಕ ಮರುದಿನವೇ ಹೋದಳು. ಅವತ್ತು ಬೀದಿಯವರ ಸಭೆಯಿತ್ತು.

ಆ ಸಭೆಯಲ್ಲಿ ಟೈಲರ್ ಎದ್ದು ನಿಂತ. ಅವನ ಅಂಗಡಿ ತಗಡಿನ ಬೇಲಿಯ ಹಿಂದೆ ಮರೆಯಾಗಿಬಿಟ್ಟಿತ್ತು. ರೈಲಕ್ಕನೇ ಓಡಾಡಿ ಬೇಲಿಯ ಮೇಲೆ ಅವನ ಹೆಸರಿನ ಬೋರ್ಡು ಹಾಕಿಸಿದ್ದಳು. ಆದರೆ ಕಂಪನಿಯವರು ಬಾಣದ ಗುರುತು ತಿರುವುಮುರುವಾಗಿ ಬರೆದಿದ್ದರಿಂದ, ಅಳತೆ ಕೊಡಲು ಬಂದವರೆಲ್ಲ ಪಕ್ಕದ ಹಲ್ಲಿನ ಡಾಕ್ಟರ ಬಾಗಿಲು ತಟ್ಟುವಂತಾಯಿತು. ಅವನಿಗೆ ಹೊಟ್ಟೆ ಉರಿಯುವುದಕ್ಕೆ ಕಾರಣವಿತ್ತು.

"ನಮಗೆ ಬೋರ್ಡು, ಕೆಲವರಿಗೆ ಹಾಸಿಗೆ!" ಎಂದ. "ಕಂಪನಿಯವರು ತಮಗೆ ಬೇಕಾದವರಿಗೆ ಹಗಲು ಮಲಗೋಕೆ ಮನೆ ಮಾಡಿಕೊಟ್ಟಿದ್ದಾರೆ. ನಮ್ಮ ಮನೇಲಿ ಮಗು ಮಲಗಲ್ಲ, ನಮಗೂ ಕೊಡಿ!"

ಸಭೆ ಗದ್ದಲವಾಯಿತು. ಅದು ಕಂಪನಿಯದಲ್ಲ, ತನ್ನ ಸ್ವಂತ ಮನೆ ಎಂದು ರೈಲಕ್ಕ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಕೇಳಿಸಿಕೊಂಡ ಒಬ್ಬಿಬ್ಬರೂ ಮೂಗು ಮುರಿದರು. ಮರುದಿನ ಮೇಲಧಿಕಾರಿಯಿಂದ ಕರೆ ಬಂತು. ಅವರು ಎದುರಿಗೆ ಕೂರಿಸಿ, ನೀರು ಕೊಟ್ಟು, ಮೆತ್ತಗೆ ಮಾತಾಡಿದರು. ಮೆತ್ತಗಿನ ಮಾತು ರೈಲಕ್ಕನಿಗೆ ಅಭ್ಯಾಸವಿರಲಿಲ್ಲ, ಅದಕ್ಕೆ ಅವಳಿಗೆ ಹೆದರಿಕೆಯಾಯಿತು.

"ನಿಮ್ಮ ಮನಸ್ಸು ಒಳ್ಳೇದು, ಇಲ್ಲ ಅನ್ನಲ್ಲ. ಆದರೆ ಕಂಪನಿ ಕಾರ್ಡು ಹಾಕ್ಕೊಂಡವರು ಒಬ್ಬರ ಪಕ್ಷ ಹಿಡಿದ ಹಾಗೆ ಕಾಣಬಾರದು. ಆ ಏರ್ಪಾಟು ನಿಲ್ಲಿಸಿಬಿಡಿ."

"ಕಾರ್ಡು ನಾನು ಮನೇಲಿ ಬಿಚ್ಚಿಡ್ತೀನಿ ಸಾರ್," ಎಂದಳು ರೈಲಕ್ಕ. "ಮನೆ ನಂದು. ಯಾರು ಮಲಗಬೇಕು ಅಂತ ನಾನೂ ನನ್ನ ಯಜಮಾನರೂ ಹೇಳ್ತೀವಿ."

ಮೇಲಧಿಕಾರಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆ ಬೀದಿಗೆ ಬೇರೆಯವರನ್ನು ಹಾಕಿ, ಇವಳನ್ನು ಮಾರ್ಗದ ಆ ತುದಿಗೆ ವರ್ಗ ಮಾಡಿದರು. ಎರಡು ಬಸ್ಸು ಬದಲಿಸಿ ಹೋಗಬೇಕು. ಹೊಸ ಬೀದಿಗಳು, ಹೊಸ ಮೆಟ್ಟಿಲುಗಳು, ಮೊದಲಿನಿಂದ ಎಲ್ಲ ಮತ್ತೆ.

ಸುದ್ದಿ ನರ್ಸಮ್ಮನಿಗೂ ಮುಟ್ಟಿತು. ಮರುದಿನ ಬೆಳಿಗ್ಗೆ ಗೇಟಿನ ಬಳಿ ಅವಳು ಬರಲಿಲ್ಲ. ಬದಲಿಗೆ ಅವಳ ಅಪ್ಪ ಬೀಗದ ಕೈ ಹಿಡಿದು ನಿಂತಿದ್ದರು. ಏನು ಹೇಳಬೇಕೋ ತಿಳಿಯದೆ, "ಯಂತ್ರ ಇವತ್ತು ಚೆನ್ನಾಗಿ ಓಡ್ತಿದೆ," ಎಂದರು. ರೈಲಕ್ಕ ಬಸ್ಸು ತಪ್ಪಿದರೂ ಸರಿ ಎಂದು ಅವರ ಜೊತೆಗೇ ನಡೆದು ಮೇಲ್ಮಹಡಿ ಹತ್ತಿದಳು. ನರ್ಸಮ್ಮ ಆಗಲೇ ಬಚ್ಚಲುಮನೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದಳು.

"ನನ್ನಿಂದ ನಿಮ್ಮನ್ನ ಅಷ್ಟು ದೂರ ಎತ್ತಿಹಾಕಿದ್ರಂತೆ."

"ಹಾಕಿದ್ದು ಆಯ್ತು. ಇನ್ನು ನೀವು ಇಲ್ಲಿ ಮಲಗಿದ್ರೆ ನನ್ನನ್ನ ವಾಪಸ್ ಕರೀತಾರಾ?"

ನರ್ಸಮ್ಮ ಹಾಳೆಯ ಸುಕ್ಕು ಸರಿಮಾಡುತ್ತಾ ಕೂತಳು.

"ನನ್ನ ಬೀದಿನೂ ಹೋಯ್ತು, ನಿಮ್ಮ ನಿದ್ದೆನೂ ಹೋಯ್ತು ಅಂತ ಆಗಬಾರದು ಸಿಸ್ಟರ್. ನನಗೆ ವಾದ ಮಾಡೋಕೆ ತ್ರಾಣ ಇಲ್ಲ. ಏಳಿ, ನಡೀರಿ."

ನರ್ಸಮ್ಮ ಹಾಳೆ ಸುತ್ತಿ ಮೂಲೆಗಿಟ್ಟು ಎದ್ದಳು. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಮೆಟ್ಟಿಲಿಳಿದರು.

ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಅಲ್ಲಿನ ಕೊರೆತ ಮುಗಿಯಿತು. ಯಂತ್ರವನ್ನು ಬಿಚ್ಚಿ ಲಾರಿಗೆ ಏರಿಸಿದ ದಿನ ನರ್ಸಮ್ಮನ ಅಪ್ಪ ಊಟ ಮಾಡಲಿಲ್ಲವಂತೆ. ಆಮೇಲೆ ಅದು ಎಲ್ಲಿಗೆ ಹೋಗಿದೆ ಎಂದು ವಿಚಾರಿಸಿಕೊಂಡು, ಮಡಿಸುವ ಕುರ್ಚಿ ಕಂಕುಳಲ್ಲಿ ಇರುಕಿಕೊಂಡು ನಡೆದೇ ಹೋಗಿಬರತೊಡಗಿದರು. ನರ್ಸಮ್ಮ ತನ್ನ ಮನೆಯಲ್ಲಿ ತನ್ನ ಮಂಚದ ಮೇಲೆ ಮಲಗತೊಡಗಿದಳು. ರೈಲಕ್ಕನಿಗೆ ಸಂಜೆ ಬಂದಾಗ ಸಿಂಕಿನಲ್ಲಿ ಬೆಳಗಿನ ಲೋಟಗಳು ಹಾಗೇ ಇರುವುದನ್ನು ಕಂಡರೆ ಕೆಲವು ದಿನ ಮನೆ ಬಿಕೋ ಎನ್ನಿಸಿತು. ಗಂಡನಿಗೆ ಬಸ್ಸಿನ ಸೀಟೇ ಒಗ್ಗಿಹೋಗಿತ್ತು. ಟೈಲರ್‌ನ ಬೋರ್ಡು ಕೊನೆಗೂ ಸರಿಯಾಯಿತು, ಬೇಲಿ ತೆಗೆಯುವುದಕ್ಕೆ ಸ್ವಲ್ಪ ಮುಂಚೆ.

ಆ ತುದಿಯ ಬೀದಿಗಳಲ್ಲಿ ರೈಲಕ್ಕ ಈಗ ಪ್ರತಿ ಬಾಗಿಲಲ್ಲೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತಾಳೆ, ಹಗಲು ಹೊತ್ತು ಮಲಗುವವರು ಯಾರಾದರೂ ಇದ್ದಾರಾ ಎಂದು. ಹೆಚ್ಚಿನವರು ನಗುತ್ತಾರೆ. "ನಮ್ಮ ಮಗ ಇದ್ದಾನೆ, ರಾತ್ರಿನೂ ಮಲಗ್ತಾನೆ, ಹಗಲೂ ಮಲಗ್ತಾನೆ!" ಎಂದಳು ಒಬ್ಬಳು. ಆದರೆ ಮೊನ್ನೆ ಒಂದು ಮನೆಯಲ್ಲಿ ಬಾಗಿಲು ತೆರೆದ ಗಂಡಸು ಕಣ್ಣುಜ್ಜಿಕೊಂಡು, "ನಾನೇ. ಪತ್ರಿಕೆ ಅಚ್ಚು ಹಾಕೋ ಪ್ರೆಸ್ಸಿನಲ್ಲಿ ಕೆಲಸ. ಯಾಕೆ?" ಎಂದ.

ರೈಲಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತನ್ನ ಮನೆ ಎರಡು ಬಸ್ಸಿನಾಚೆ. ಕಂಪನಿಯ ನಿಯಮ ಹಾಗೇ ಇದೆ. ಈಗ ಈ ತುದಿಯನ್ನೂ ನೋಡಿಕೊಳ್ಳುವ ಅದೇ ಸೈಟ್ ಇಂಜಿನಿಯರ್‌ಗೆ ಫೋನು ಮಾಡಿದರೆ ಅವನು ಮೊದಲು ನಿಟ್ಟುಸಿರು ಬಿಡುತ್ತಾನೆ, ಆಮೇಲೆ, ನೋಡೋಣ ಅಕ್ಕ, ಆ ಮನೆ ಮುಂದಿನ ಕಂಬದ ಗುಂಡೀನ ಮಧ್ಯಾಹ್ನದ ಮೇಲೆ ಕೊರೆಯೋಕೆ ಆಗತ್ತಾ ಕೇಳ್ತೀನಿ, ಅನ್ನಲೂಬಹುದು. ಹೋದ ತಿಂಗಳು ಇನ್ನೊಂದು ಮನೆಗೆ ಹಾಗೆ ಅಂದಿದ್ದ, ಮಾಡಿಯೂ ಇದ್ದ.

"ನಿಮ್ಮ ನಿದ್ದೆ ಕೆಡಿಸಿದೆ," ಎಂದಳು ರೈಲಕ್ಕ. "ಒಂದೈದು ನಿಮಿಷ ಇಲ್ಲೇ ಕೂತ್ಕೊಳ್ಲಾ? ಕಾಲು ನಿಲ್ತಾ ಇಲ್ಲ."

ಅವನು ಒಳಗೆ ಹೋಗಿ ಒಂದು ಸ್ಟೂಲು ತಂದು ಹಾಕಿದ.